ಹಿರಿಯ ವಯಸ್ಸಿನಲ್ಲಿ ಕುದುರೆ: ಸವಾರಿ, ಸಾಕಣೆ ಮತ್ತು ಮುಂದಿನ ವ್ಯವಸ್ಥೆ



ಸಂಘದ ಹಿರಿಯ ಸದಸ್ಯರಲ್ಲಿ ಇಬ್ಬರು ಮೂವರು ಈಚೆಗೆ ಒಂದೇ ವಿಷಯ ಕೇಳಿದ್ದಾರೆ. ನಿವೃತ್ತಿಯಾಗಿದೆ, ತೋಟದಲ್ಲಿ ಜಾಗವಿದೆ, ಚಿಕ್ಕಂದಿನ ಆಸೆ ಇನ್ನೂ ಉಳಿದಿದೆ. ಒಂದು ಕುದುರೆ ಸಾಕಬಹುದೇ? ಇನ್ನೊಬ್ಬರ ಬಳಿ ಕುದುರೆ ಮೊದಲಿಂದಲೂ ಇದೆ. ಅವರಿಗೆ ಈಗ ಎಪ್ಪತ್ತು ದಾಟಿದೆ, ಮುಂದೇನು ಎಂಬುದು ಅವರ ಚಿಂತೆ. ಎಲ್ಲರಿಗೂ ಉಪಯೋಗವಾಗಲೆಂದು ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಲೆಕ್ಕ. ಗುಮಾಸ್ತನಾಗಿದ್ದವನು, ಲೆಕ್ಕದಿಂದಲೇ ಶುರು ಮಾಡುವುದು ಅಭ್ಯಾಸ. ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬದುಕುತ್ತದೆ. 66ರ ವಯಸ್ಸಿನಲ್ಲಿ 5 ವರ್ಷದ ಕುದುರೆ ತಂದರೆ, ಅದಕ್ಕೆ 25 ಆಗುವಾಗ ನಮಗೆ 86. ನಾಯಿ, ಹಸುವಿನ ವಿಷಯದಲ್ಲಿ ಈ ತೊಡಕು ಇಷ್ಟಿಲ್ಲ. ಆದ್ದರಿಂದ ಹಿರಿಯರು ಮೊದಲ ಬಾರಿ ತರುವುದಾದರೆ 14–15 ದಾಟಿದ, ಜನರಿಗೂ ವಾಹನಗಳಿಗೂ ಪಳಗಿದ, ಶಾಂತ ಸ್ವಭಾವದ ಕುದುರೆಯೇ ಸರಿ. ಅದರ ಓಟದ ಹುರುಪು ಇಳಿದಿರುತ್ತದೆ, ದಾರಿಯಲ್ಲಿ ಪ್ಲಾಸ್ಟಿಕ್ ಚೀಲ ಹಾರಿದರೆ ಗಾಬರಿಯಾಗುವುದಿಲ್ಲ.

ಮೈಸೂರು, ಬೆಂಗಳೂರು ಎರಡೂ ಕಡೆ ರೇಸ್ ಇರುವುದರಿಂದ, ರೇಸಿನಿಂದ ಬಿಟ್ಟ ಕುದುರೆಗಳು ಕಡಿಮೆ ಬೆಲೆಗೆ, ಕೆಲವೊಮ್ಮೆ ಹಾಗೆಯೇ, ಸಿಗುತ್ತವೆ ಎಂದು ಹೇಳುವವರಿದ್ದಾರೆ. ಬೆಲೆ ನೋಡಿ ಮರುಳಾಗಬೇಡಿ. ಅವು ಎರಡನೆಯ ವರ್ಷದಿಂದಲೇ ಓಡಲು ಕಲಿತವು. ಆರೇಳು ವರ್ಷಕ್ಕೆ ರೇಸು ಬಿಟ್ಟರೂ ಇನ್ನೂ ಇಪ್ಪತ್ತು ವರ್ಷ ಆಯುಸ್ಸಿರುತ್ತದೆ. ನುರಿತವರು ವರ್ಷಗಟ್ಟಲೆ ತಿದ್ದಿದ ಮೇಲೆ ಮಾತು ಬೇರೆ.

ಹಿರಿಯರು ಸವಾರಿ ಮಾಡಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಜಪಾನಿನ ಹಿರೋಶಿ ಹೊಕೆತ್ಸು 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದವರು, ಮತ್ತೆ 2012ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ 71. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ 2020ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ, ವಿಂಡ್ಸರ್‌ನಲ್ಲಿ ಕುದುರೆಯ ಮೇಲೆ ಕುಳಿತ ಫೋಟೋ ಪತ್ರಿಕೆಗಳಲ್ಲಿ ಬಂದಿತ್ತು. ನಾವು ಗಮನಿಸಬೇಕಾದದ್ದು ಅವರ ಕುದುರೆಗಳನ್ನು. ಲಂಡನ್‌ನಲ್ಲಿ ಹೊಕೆತ್ಸು ಅವರ ಹೆಣ್ಣು ಕುದುರೆಗೆ 15 ವರ್ಷ. ರಾಣಿಯವರದು 14 ವರ್ಷದ ಗಿಡ್ಡ ತಳಿಯ ಪೋನಿ. ಇಬ್ಬರೂ ಎಳೆಯ ಕುದುರೆ ಹತ್ತಿದವರಲ್ಲ. ಇಬ್ಬರೂ ಜೀವಮಾನವಿಡೀ ಸವಾರಿ ಬಿಡದೆ ಬಂದವರು ಎಂಬುದೂ ನೆನಪಿರಲಿ. ಅರವತ್ತೈದಕ್ಕೆ ಹೊಸದಾಗಿ ಕಲಿಯುವವರು ಮೊದಲು ಸವಾರಿ ಶಾಲೆಯೊಂದರಲ್ಲಿ ಆರು ತಿಂಗಳು ಕಲಿತು, ಆಮೇಲೆ ಕೊಳ್ಳುವ ಮಾತು ಆಡಬೇಕು.

ಗಿಡ್ಡ ಕುದುರೆ ಹತ್ತುವುದಕ್ಕೂ ಸುಲಭ, ಬಿದ್ದರೂ ಎತ್ತರ ಕಡಿಮೆ. ಆದರೆ ಭಾರದ ಪ್ರಶ್ನೆಯಿದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗ ಮೀರಬಾರದು ಎಂಬುದು ಸಾಮಾನ್ಯ ಅಳತೆ. ವಯಸ್ಸಾದ ಕುದುರೆಗೆ ಇನ್ನೂ ಕಡಿಮೆ. 70 ಕೆ.ಜಿ. ಮನುಷ್ಯ, 8 ಕೆ.ಜಿ. ಜೀನು ಎಂದರೆ ಕುದುರೆ 390 ಕೆ.ಜಿ.ಯಾದರೂ ಇರಬೇಕು. ಪ್ರವಾಸಿ ಜಾಗಗಳಲ್ಲಿ ಕಾಣುವ ಸಣಕಲು ತಟ್ಟುಗಳು ಇದಕ್ಕೆ ಆಗುವುದಿಲ್ಲ.

ಇನ್ನು ವಯನಾಡಿನ ವಿಚಾರ. ಇಲ್ಲಿ ಕುದುರೆಯ ಮೊದಲ ಶತ್ರು ಮಳೆ. ಜೂನ್‌ನಿಂದ ತಿಂಗಳುಗಟ್ಟಲೆ ಕೆಸರಿನಲ್ಲಿ ನಿಂತರೆ ಗೊರಸಿನ ಅಡಿಭಾಗ ಕೊಳೆತು ಕೆಟ್ಟ ವಾಸನೆ ಬರುತ್ತದೆ, ಕುಂಟು ಶುರುವಾಗುತ್ತದೆ. ಲಾಯದ ನೆಲ ಎತ್ತರವಾಗಿ, ನೀರು ಹರಿದುಹೋಗುವಂತೆ ಇರಬೇಕು. ದಿನಕ್ಕೊಮ್ಮೆ ನಾಲ್ಕೂ ಗೊರಸು ಎತ್ತಿ ಕೆರೆದು ನೋಡಬೇಕು. ಬಗ್ಗಿ ಕಾಲು ಹಿಡಿಯುವ ಈ ಕೆಲಸ ಎಪ್ಪತ್ತರ ಸೊಂಟಕ್ಕೆ ಸವಾರಿಗಿಂತ ಕಷ್ಟ. ಆದ್ದರಿಂದ ಆಳು ಬೇಕೇ ಬೇಕು, ಅದೂ ಬಿಟ್ಟುಹೋಗದ ಆಳು. ಕಾಡಂಚಿನ ಮನೆಯವರಿಗೆ ಹುಲಿಯ ವಿಷಯ ನಾನು ಹೇಳಬೇಕಿಲ್ಲ. ರಾತ್ರಿ ಲಾಯ ಗಟ್ಟಿಯಾಗಿ ಮುಚ್ಚಿರಬೇಕು.

ಮೇವು ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ. 400 ಕೆ.ಜಿ. ಕುದುರೆಗೆ ದಿನಕ್ಕೆ 6–8 ಕೆ.ಜಿ. ಒಣಮೇವು, ತಿಂಗಳಿಗೆ 180ರಿಂದ 240 ಕೆ.ಜಿ. ಹಾಲಿನ ಹಸುವಿಗೆ ಬೆಳೆಯುವ ನೇಪಿಯರ್ ಹುಲ್ಲೊಂದನ್ನೇ ನಂಬಬೇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಬತ್ತದ ಹುಲ್ಲನ್ನಂತೂ ಹತ್ತಿರ ತರಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಬರುತ್ತದೆ. ಹುರುಳಿ ನೆನೆಸಿ ಅಥವಾ ಬೇಯಿಸಿ ಅಳತೆಯಲ್ಲಿ ಕೊಡಬಹುದು (ಇಲ್ಲಿಯ ಅಂಗಡಿಯಲ್ಲಿ ‘ಮುತಿರ’ ಎಂದು ಕೇಳಿ). ಮುದಿ ಕುದುರೆ ಹುಲ್ಲನ್ನು ಅಗಿದು ಉಂಡೆಯಾಗಿ ಉಗುಳುತ್ತಿದ್ದರೆ ಹಲ್ಲು ಸವೆದಿದೆ ಎಂದು ಅರ್ಥ. ವರ್ಷಕ್ಕೊಮ್ಮೆ ಹಲ್ಲು ಉಜ್ಜಿಸಿ, ಮೇವನ್ನು ಸಣ್ಣಗೆ ಕತ್ತರಿಸಿ ನೆನೆಸಿ ಕೊಡಬೇಕು.

ಚಿಕಿತ್ಸೆಗೆ ನಮಗೊಂದು ಅನುಕೂಲವಿದೆ: ಕೇರಳ ಪಶುವೈದ್ಯ ವಿಶ್ವವಿದ್ಯಾಲಯ ನಮ್ಮ ಪೂಕೋಡಿನಲ್ಲೇ ಇದೆ. ಧನುರ್ವಾಯುವಿನ ಲಸಿಕೆ ತಪ್ಪಿಸಬೇಡಿ, ಕುದುರೆಗೆ ಆ ರೋಗ ಬೇಗ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಸೊರಗುವಿಕೆ, ಕಾಲು ಬಾವು ಕಂಡರೆ ಕಚ್ಚುವ ನೊಣದಿಂದ ಹರಡುವ ಸರ್ರಾ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಗೊರಸು ಕತ್ತರಿಸುವುದು ಆರರಿಂದ ಎಂಟು ವಾರಕ್ಕೊಮ್ಮೆ. ಟಿಪ್ಪುವಿನ ಮದ್ದುಗುಂಡಿನ ಕೋಠಿಯಿಂದ ಬತ್ತೇರಿ ಎಂಬ ಹೆಸರು ಬಂತು, ಆದರೆ ಇಂದು ಕುದುರೆಗೆ ಲಾಳ ಕಟ್ಟುವವರು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಎತ್ತಿಗೆ ಲಾಳ ಹೊಡೆಯುವವರ ಕೈಗೆ ಕೊಡಬೇಡಿ, ಎತ್ತಿನದು ಸೀಳು ಗೊರಸು, ಕೆಲಸವೇ ಬೇರೆ. ಟಾಂಗಾಗಳು ಇನ್ನೂ ಓಡುವ ಮೈಸೂರಿನಲ್ಲಿ ವಿಚಾರಿಸುವುದು ಉತ್ತಮ. ಅಲ್ಲಿಂದ ಕುದುರೆ ತರುವವರು ಪಶುವೈದ್ಯರ ಪ್ರಮಾಣಪತ್ರ ಜೊತೆಗಿಟ್ಟುಕೊಳ್ಳಿ. ಗುಂಡ್ಲುಪೇಟೆ–ಬತ್ತೇರಿ ರಸ್ತೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಲಾರಿಯಲ್ಲಿ ಕುದುರೆಯನ್ನು ರಾತ್ರಿಯಿಡೀ ಗೇಟಿನ ಬಳಿ ನಿಲ್ಲಿಸುವ ಗತಿ ಬರಬಾರದು.

ಸವಾರನ ದೇಹದ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಮೂಳೆ ಸವೆತ, ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆಗಿದ್ದವರು ಮುಚ್ಚಿಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಸಣ್ಣ ಪೆಟ್ಟಾದರೂ, ಏನೂ ಆಗಿಲ್ಲ ಎನಿಸಿದರೂ, ಆಸ್ಪತ್ರೆಗೆ ಹೋಗಲೇಬೇಕು. ಹೆಲ್ಮೆಟ್ ಬೇಕು, ರಿಕಾಪಿನಲ್ಲಿ ಕಾಲು ಸಿಕ್ಕಿಕೊಳ್ಳದಂತೆ ಹಿಮ್ಮಡಿಯಿರುವ ಬೂಟು ಬೇಕು. ಹತ್ತಲು ಒಂದು ಕಟ್ಟೆ ಮಾಡಿಸಿ. ಅದರಲ್ಲಿ ನಾಚಿಕೆಯೇನಿಲ್ಲ, ಕುದುರೆಯ ಬೆನ್ನಿಗೂ ಅದೇ ಒಳ್ಳೆಯದು. ಫೋನು ಜೀನಿನ ಚೀಲದಲ್ಲಿ ಬೇಡ, ನಿಮ್ಮ ಜೇಬಿನಲ್ಲಿರಲಿ. ನೀವು ಬಿದ್ದರೆ ಕುದುರೆ ಮನೆಗೆ ಓಡುತ್ತದೆ, ಫೋನೂ ಅದರ ಜೊತೆ ಹೋಗುತ್ತದೆ.

ಸವಾರಿ ನಿಲ್ಲಿಸಿದ ಮೇಲೂ ಕುದುರೆ ಇಟ್ಟುಕೊಳ್ಳಬಹುದು. ಮೇಲೆ ಹೇಳಿದ ನಮ್ಮ ಸದಸ್ಯರು ಕಳೆದ ವರ್ಷ ಜೀನು ಹಾಕುವುದನ್ನು ಬಿಟ್ಟರು. ಈಗ ಬೆಳಿಗ್ಗೆ ಹಗ್ಗ ಹಿಡಿದು ಇಬ್ಬರೂ ತೋಟದ ದಾರಿಯಲ್ಲಿ ನಡೆಯುತ್ತಾರೆ, ಮೈ ಉಜ್ಜುತ್ತಾರೆ. ಇಬ್ಬರಿಗೂ ಮಂಡಿ ನೋವು, ನಡಿಗೆ ಸರಿಹೊಂದುತ್ತದೆ ಎಂದು ಅವರೇ ನಗುತ್ತಾರೆ. ಮಕ್ಕಳು ದೂರದ ಊರಿನಲ್ಲಿದ್ದಾರೆ. ತಾವು ಆಸ್ಪತ್ರೆ ಸೇರಿದರೆ ಕುದುರೆಗೆ ನೀರಿಡುವವರು ಯಾರು ಎಂಬುದು ಮಾತ್ರ ಅವರನ್ನು ಕಾಡುತ್ತಿತ್ತು.

ಅದಕ್ಕೆ ನನ್ನ ಸಲಹೆ, ಕಾಗದದಲ್ಲಿ ಬರೆದಿಡಿ. ಕುದುರೆಯ ವಯಸ್ಸು, ಲಸಿಕೆ, ಮೇವಿನ ಅಳತೆ, ವೈದ್ಯರ ನಂಬರ್ ಒಂದು ಹಾಳೆಯಲ್ಲಿ ಬರೆದು ಲಾಯದ ಬಾಗಿಲಿಗೆ ಅಂಟಿಸಿ. ಉಯಿಲಿನಲ್ಲಿ ಕುದುರೆ ಯಾರಿಗೆ ಎಂದು ಸೇರಿಸಿ, ಆ ವ್ಯಕ್ತಿಯನ್ನು ಮೊದಲೇ ಒಪ್ಪಿಸಿ, ಒಂದೆರಡು ವರ್ಷದ ಮೇವಿನ ಖರ್ಚು ಬೇರೆ ಇಡಿ. ಮಕ್ಕಳು ಹೇಗೋ ನೋಡಿಕೊಳ್ಳುತ್ತಾರೆ ಎಂಬ ಮಾತು ಬೇಡ. ಕುದುರೆ ಕಂಡರೆ ಹೆದರುವ ಮಗನ ತಲೆಗೆ ಅದನ್ನು ಕಟ್ಟುವುದು ಇಬ್ಬರಿಗೂ ಅನ್ಯಾಯ. ನೀರು ಮೇವಿಲ್ಲದೆ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಜಿಲ್ಲೆಯಲ್ಲಿ ಕುದುರೆ ಇಟ್ಟಿರುವ ಸದಸ್ಯರ ಮತ್ತು ಅಗತ್ಯ ಬಿದ್ದಾಗ ನಾಲ್ಕು ದಿನ ನೋಡಿಕೊಳ್ಳಲು ಒಪ್ಪುವವರ ಪಟ್ಟಿಯೊಂದನ್ನು ಸಂಘದಲ್ಲಿ ತೆರೆದಿದ್ದೇನೆ. ಇದುವರೆಗೆ ಮೂರು ಹೆಸರು ಬಂದಿವೆ. ಕುದುರೆ ಸಾಕಿ ಅನುಭವವಿರುವ ಕಿರಿಯರು ಮುಂದಿನ ಮಾಸಿಕ ಸಭೆಯಲ್ಲಿ ನನ್ನನ್ನು ಕಂಡು ಹೆಸರು ಕೊಡಬೇಕಾಗಿ ವಿನಂತಿ.

– ಕಾರ್ಯದರ್ಶಿ