ಸೀಲ್‌ಗಳ ಅಸಹಜ ಸಾವು (ಆರ್ಕ್ಟಿಕ್)

ಹಿಮಗಡಲನ್ನು ನೆಚ್ಚಿ ಬದುಕುವ ಸೀಲ್‌ಗಳು ಒಂದೇ ಕಾಲದಲ್ಲಿ, ವಾಡಿಕೆ ಮೀರಿದ ಸಂಖ್ಯೆಯಲ್ಲಿ ಕಾಯಿಲೆ ಬಿದ್ದು ಸಾಯುವ ವಿದ್ಯಮಾನ. ಅಮೆರಿಕದಲ್ಲಿ 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯಿದೆಯಡಿ ಇದನ್ನು ‘ಅಸಹಜ ಸಾವಿನ ಘಟನೆ’ ಎಂದು ಘೋಷಿಸಿ ತನಿಖೆ ನಡೆಸುತ್ತಾರೆ.

ಬಹುಕಾಲ ತನಿಖೆ ನಡೆದ ಪ್ರಕರಣ ಅಲಾಸ್ಕದ್ದು. 2011ರ ಜುಲೈಯಲ್ಲಿ ಉತ್ತರ ತುದಿಯ ಬ್ಯಾರೋ (ಇಂದಿನ ಉಟ್ಕಿಯಾಗ್ವಿಕ್) ಸುತ್ತಲಿನ ದಂಡೆಯಲ್ಲಿ ಉಂಗುರ ಸೀಲ್‌ಗಳು ಮಂಕಾಗಿ ಬಿದ್ದುಕೊಂಡಿದ್ದವು. ಮನುಷ್ಯರು ಹತ್ತಿರ ಬಂದರೂ ನೀರಿಗೆ ಇಳಿಯುತ್ತಿರಲಿಲ್ಲ. ಕೂದಲು ಉದುರಿ ಮೈ ತೇಪೆತೇಪೆಯಾಗಿತ್ತು. ಮೂತಿ, ಕಣ್ಣಿನ ಸುತ್ತ, ಹಿಂದಿನ ಈಜುಗಾಲುಗಳಲ್ಲಿ ಹುಣ್ಣು. ಕೆಲವಕ್ಕೆ ಉಸಿರಾಟವೂ ಕಷ್ಟ. ಗಡ್ಡದ ಸೀಲ್, ಚುಕ್ಕೆ ಸೀಲ್‌ಗಳಲ್ಲೂ ಕಾಯಿಲೆ ಕಂಡಿತು. ವಾಲ್ರಸ್‌ಗಳ ಮೈಮೇಲೂ ಹುಣ್ಣು ಕಾಣಿಸಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಘೋಷಣೆ ಹೊರಬಿತ್ತು.

ವೈರಾಣು, ಬ್ಯಾಕ್ಟೀರಿಯಾ, ಪಾಚಿಯ ವಿಷ ಎಲ್ಲಕ್ಕೂ ಪರೀಕ್ಷೆ ನಡೆಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅವಘಡ ಸಂಭವಿಸಿದ್ದರಿಂದ ವಿಕಿರಣದ ಶಂಕೆ ಬಲವಾಗಿತ್ತು; ಅಂಗಾಂಶಗಳಲ್ಲಿ ಅದಕ್ಕೆ ಪುರಾವೆ ಸಿಗಲಿಲ್ಲ. ಮೂಲ ಕಾರಣ ಗೊತ್ತಾಗದೆಯೇ ಪ್ರಕರಣ ಮುಗಿಯಿತು.

ಇದು ಪ್ರಯೋಗಾಲಯಗಳ ಸೋಲಲ್ಲ. ಜನವಿರಳ ಕರಾವಳಿಯಲ್ಲಿ ಹೆಣ ಕಣ್ಣಿಗೆ ಬೀಳುವಷ್ಟರಲ್ಲಿ ಕೊಳೆತಿರುತ್ತದೆ, ಇಲ್ಲವೇ ಕರಡಿಯ ಪಾಲಾಗಿರುತ್ತದೆ. ಕೊಳೆತ ಅಂಗಾಂಶದಿಂದ ತಿಳಿಯುವುದು ಅಲ್ಪ. ಸೀಲ್‌ಗಳು ವರ್ಷಕ್ಕೊಮ್ಮೆ ಹಿಮಗಡ್ಡೆಯ ಮೇಲೆ ಮಲಗಿ ಹಳೆಯ ಕೂದಲು ಕಳಚುವುದರಿಂದ, ಸಹಜ ಉದುರುವಿಕೆ ಯಾವುದು, ರೋಗ ಯಾವುದು ಎಂಬುದನ್ನು ಬೇರ್ಪಡಿಸುವುದೂ ಸುಲಭವಲ್ಲ.

ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ 2018ರ ಜೂನ್‌ನಿಂದ ಮತ್ತೆ ಹೆಣಗಳು ದಡ ಸೇರತೊಡಗಿದವು. 2019ರ ಸೆಪ್ಟೆಂಬರಿನ ಘೋಷಣೆಯ ಹೊತ್ತಿಗೆ ಲೆಕ್ಕ 282. ಇದು ವಾಡಿಕೆಯ ಸುಮಾರು ಐದು ಪಟ್ಟು. ಹಲವು ಮರಿಗಳ ಮೈಯಲ್ಲಿ ಕೊಬ್ಬೇ ಕರಗಿತ್ತು. ಹೆಣಗಳು ದಡ ಸೇರತೊಡಗುವ ಮೊದಲಿನ ಚಳಿಗಾಲದಲ್ಲಿ ಬೇರಿಂಗ್ ಸಮುದ್ರ ಎಂದೂ ಕಾಣದಷ್ಟು ಕಡಿಮೆ ಹೆಪ್ಪುಗಟ್ಟಿತ್ತು. ಹಿಮ ತೆರವಾದರೆ ಸೋಂಕಿಗೂ ದಾರಿ ತೆರೆದೀತು: 1988 ಮತ್ತು 2002ರಲ್ಲಿ ಉತ್ತರ ಯುರೋಪಿನ ಸೀಲ್‌ಗಳನ್ನು ಸಾವಿರಗಟ್ಟಲೆ ಕೊಂದ ಡಿಸ್ಟೆಂಪರ್ ವೈರಾಣು ಶಾಂತಸಾಗರದ ಪ್ರಾಣಿಗಳಲ್ಲಿ ಹರಡಿದ್ದಕ್ಕೂ ಹಿಮದ ಇಳಿಕೆಗೂ ನಂಟಿರಬಹುದು ಎಂದು 2019ರ ಅಧ್ಯಯನವೊಂದು ಸೂಚಿಸಿತು.

ಅಲಾಸ್ಕದ ಮೂಲನಿವಾಸಿಗಳಾದ ಇನುಪಿಯಾಟ್ ಮತ್ತು ಯೂಪಿಕ್ ಜನರಿಗೆ ಸೀಲ್ ಎಂದರೆ ಮಾಂಸ, ಎಣ್ಣೆ, ದೋಣಿಗೆ ಹೊದಿಸುವ ತೊಗಲು. ಬೇಟೆ ಸಿಕ್ಕಾಗ ತಿನ್ನಬಹುದೇ ಎಂಬ ಪ್ರಶ್ನೆ ಅವರ ಮನೆಯ ಊಟದ್ದೇ. ಕಾಯಿಲೆಯ ಮೊದಲ ಸುದ್ದಿ ಮುಟ್ಟಿಸುವವರು ಬಹುಪಾಲು ಇವರೇ. ರೋಗಪೀಡಿತ ಅಂಗಾಂಶವನ್ನು ಯಾವುದಕ್ಕೆ ಹೋಲಿಸಬೇಕೋ, ಆ ಆರೋಗ್ಯವಂತ ಪ್ರಾಣಿಗಳ ತಾಜಾ ಮಾದರಿಗಳು ಬರುವುದೂ ಇವರ ಬೇಟೆಯಿಂದಲೇ.