ಮುಡಿಪಿನ ದಾರಿ: ಕುಂದಾಪುರ ಸೀಮೆಯಿಂದ ತಿರುಮಲೆಗೆ

ಹರಕೆಯ ಹಣವನ್ನು ದೇವರ ಹೆಸರಿನಲ್ಲಿ ಬಟ್ಟೆಯಲ್ಲಿ ಕಟ್ಟಿ ತೆಗೆದಿರಿಸುವ ಕ್ರಮಕ್ಕೆ ಮುಡಿಪು ಎನ್ನುತ್ತಾರೆ. ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಮೂರು ತಾಲೂಕುಗಳಾಗಿರುವ ಸೀಮೆಯಲ್ಲಿ ಕೊಲ್ಲೂರು, ಮಂದಾರ್ತಿ, ಕುಂಭಾಶಿಯ ಆನೆಗುಡ್ಡೆಗಳಂಥ ಕ್ಷೇತ್ರಗಳು ಕಾಲ್ನಡಿಗೆಯ ಅಳವಿನಲ್ಲೇ ಇದ್ದುದರಿಂದ ಅಲ್ಲಿನ ಹರಕೆಯನ್ನು ಮನೆಯವರೇ ಹೋಗಿ ಒಪ್ಪಿಸಬಹುದಿತ್ತು. ಘಟ್ಟದಾಚೆ ಬಹುದೂರದಲ್ಲಿದ್ದ ತಿರುಪತಿ ತಿಮ್ಮಪ್ಪನ ಮುಡಿಪಾದರೋ, ಹರಕೆ ಹೊತ್ತವರು ಹೋಗಲಾರದಿದ್ದರೂ ತಾನು ಹೋಗಿ ಸೇರಲೇಬೇಕಾದ ವಸ್ತುವಾಗಿತ್ತು.

ಕಟ್ಟುವ ವಿಧಾನ ಸರಳವಾದುದು. ಬಿಳಿ ಬಟ್ಟೆಯ ತುಂಡೊಂದನ್ನು ಅರಸಿನ ನೀರಿನಲ್ಲಿ ಅದ್ದಿ ಒಣಗಿಸಿ, ನಡುವೆ ನಾಣ್ಯವನ್ನಿಟ್ಟು, ಕಾಯಿಲೆ ಬಿದ್ದವರ ಅಥವಾ ಸಂಕಟದಲ್ಲಿದ್ದವರ ಹೆಸರು ಹೇಳಿ ಗಂಟು ಹಾಕಿ ದೇವರ ಕೋಣೆಯಲ್ಲಿ ಇಡುತ್ತಿದ್ದರು. ಕೆಲವು ಮನೆಗಳಲ್ಲಿ ಇದಕ್ಕೆಂದೇ ಕಾಣಿಕೆ ಡಬ್ಬಿ ಇರುತ್ತಿತ್ತು. ಮನೆಯಲ್ಲಿ ಎಷ್ಟೇ ತಾಪತ್ರಯವಿದ್ದರೂ ಆ ಹಣಕ್ಕೆ ಕೈಹಾಕುವಂತಿರಲಿಲ್ಲ. ತಿಮ್ಮಪ್ಪನು ಬಡ್ಡಿ ಸಮೇತ ವಸೂಲು ಮಾಡುವ ದೇವರೆಂಬ ನಂಬಿಕೆ ದಕ್ಷಿಣದಲ್ಲೆಲ್ಲ ಪ್ರಸಿದ್ಧವಾದುದರಿಂದ, ಗಂಟಿನ ಕಾವಲಿಗೆ ಬೀಗ ಬೇಕಾಗಿರಲಿಲ್ಲ.

ಈ ಗಂಟು ಸಾಗಬೇಕಾಗಿದ್ದ ದಾರಿ ಸಣ್ಣದಲ್ಲ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗಲೂ ಕುಂದಾಪುರ ತಾಲೂಕು ಮದರಾಸು ಪ್ರಾಂತ್ಯದಲ್ಲೇ ಉಳಿದುದರಿಂದ ತಿರುಪತಿಯೂ ಈ ಸೀಮೆಯೂ ಒಂದೇ ಸರಕಾರದ ಆಡಳಿತದಲ್ಲಿದ್ದವು. ಆದರೆ ಅದರಿಂದ ಯಾತ್ರಿಕನ ಕಾಲಿಗೆ ಯಾವ ಉಪಕಾರವೂ ಆದಂತಿಲ್ಲ. ಘಟ್ಟ ಹತ್ತಿ ಮಲೆನಾಡಿನ ಮೂಲಕ ಬಯಲುಸೀಮೆಗೆ ಇಳಿಯುವುದು ಒಂದು ದಾರಿ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ದಕ್ಷಿಣದ ದಾರಿಯೂ ತೆರೆಯಿತಾದರೂ, ಕುಂದಾಪುರದಿಂದ ಮಂಗಳೂರು ಮುಟ್ಟಬೇಕಾದರೆ ಸೀತಾ, ಸ್ವರ್ಣಾ, ಶಾಂಭವಿ, ಗುರುಪುರ ಮೊದಲಾದ ಹೊಳೆಗಳನ್ನು ದಾಟಬೇಕಾಗಿತ್ತು, ಸೇತುವೆಗಳಾಗುವ ತನಕ ಇವಕ್ಕೆಲ್ಲ ದೋಣಿಯೇ ಗತಿ. ತಿರುಮಲೆಗೆ ವಾಹನ ಹೋಗುವ ಘಾಟಿ ರಸ್ತೆ ಆದದ್ದು 1944ರಲ್ಲಿ. ಅದಕ್ಕೂ ಮೊದಲು ಬೆಟ್ಟವನ್ನು ನಡೆದೇ ಏರಬೇಕು, ಇಲ್ಲವೇ ಡೋಲಿಯಲ್ಲಿ ಕೂರಬೇಕು.

ಆದ್ದರಿಂದ ಊರಿನಲ್ಲಿ ಯಾರಾದರೂ ತಿರುಪತಿಗೆ ಹೊರಟರೆಂಬ ಸುದ್ದಿ ಹಬ್ಬಿತೆಂದರೆ, ನೆರೆಮನೆಯವರೂ ನೆಂಟರೂ ತಮ್ಮ ತಮ್ಮ ಗಂಟುಗಳನ್ನು ಅವರ ಕೈಗೆ ಒಪ್ಪಿಸಿ ಹುಂಡಿಗೆ ಹಾಕಿ ಬರುವಂತೆ ಕೇಳಿಕೊಳ್ಳುತ್ತಿದ್ದರು. ಒಯ್ಯುವವನಿಗೆ ಕೂಲಿಯಿಲ್ಲ, ಕೊಟ್ಟವನಿಗೆ ರಸೀದಿಯಿಲ್ಲ. ಹುಂಡಿಗೆ, ಅಂದರೆ ತಿರುಮಲೆಯಲ್ಲಿ ಕೊಪ್ಪರೆಯೆಂದು ಕರೆಯುವ ಕಾಣಿಕೆಯ ಪಾತ್ರೆಗೆ, ಹಣ ಬಿದ್ದಿತೆಂಬುದಕ್ಕೆ ಮರಳಿ ಬಂದ ಪ್ರಸಾದವೊಂದೇ ಸಾಕ್ಷಿ. ಮುಡಿಪನ್ನು ಬರಿಯ ಭಕ್ತಿಯ ಆಚಾರವೆಂದು ವಿವರಿಸಿ ಮುಗಿಸುವವರು ಈ ಭಾಗವನ್ನು ಗಮನಿಸುವುದಿಲ್ಲ: ಅದು ನೆರೆಹೊರೆಯ ವಿಶ್ವಾಸದ ಮೇಲೆ ನಡೆದ ಒಂದು ಸಾಗಣೆ ವ್ಯವಸ್ಥೆಯೂ ಆಗಿತ್ತು. 1880ರಲ್ಲಿ ಅಂಚೆ ಇಲಾಖೆಯ ಮನಿಯಾರ್ಡರು ಬಂದಾಗ ಹಣ ಕಳಿಸುವುದು ಸುಲಭವಾಯಿತು, ಆದರೆ ಗಂಟು ಕಟ್ಟಿದ ಅದೇ ನಾಣ್ಯವನ್ನು ಮನಿಯಾರ್ಡರು ಒಯ್ಯಲಾರದು.

ಬೇರೆಯವರ ಕೈಯಲ್ಲಿ ವಸ್ತುವನ್ನು ಸಾಗಿಸುವ ಈ ಪದ್ಧತಿಗೆ ಹತ್ತಿರವಾದ ಆಟವೊಂದು 2000ದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಉಪಗ್ರಹದ ನೆರವಿನಿಂದ ಸ್ಥಳ ಗುರುತಿಸಿ, ಬೇರೆಯವರು ಅಡಗಿಸಿಟ್ಟ ಡಬ್ಬಿಯನ್ನು ಹುಡುಕುವ ಈ ಜಿಯೋಕ್ಯಾಶಿಂಗ್‌ನಲ್ಲಿ, ಸಂಖ್ಯೆ ಕೆತ್ತಿದ ಬಿಲ್ಲೆಯೊಂದಕ್ಕೆ ಒಡೆಯನು ಅದು ತಲುಪಬೇಕಾದ ಊರನ್ನು ಗುರಿಯಾಗಿ ಗೊತ್ತುಮಾಡಿ ಬಿಡುತ್ತಾನೆ, ಅಪರಿಚಿತರು ಅದನ್ನು ಡಬ್ಬಿಯಿಂದ ಡಬ್ಬಿಗೆ ಮುಂದೆ ಸಾಗಿಸುತ್ತಾರೆ. ಬಿಲ್ಲೆಯ ಒಡೆಯನಿಗೆ ಅದು ಸಾಗಿದ ದಾರಿ ದಾಖಲೆಯಲ್ಲಿ ಕಾಣುತ್ತದೆ. ಮುಡಿಪಿನವರಿಗೆ ಆ ಸೌಲಭ್ಯವಿರಲಿಲ್ಲ, ಅವರು ಅದನ್ನು ಬಯಸಿದಂತೆಯೂ ತೋರುವುದಿಲ್ಲ.

ಕೊಂಕಣ ರೈಲು ಬಾರ್ಕೂರು, ಕುಂದಾಪುರ, ಬೈಂದೂರುಗಳನ್ನು ಮುಟ್ಟಿದ ಮೇಲೆ ಗಂಟನ್ನು ಸ್ವತಃ ಒಯ್ಯುವುದು ಸುಲಭವಾಯಿತು. ಈಗ ತಿರುಮಲೆ ದೇವಸ್ಥಾನದ ಇ-ಹುಂಡಿಗೆ ಫೋನಿನಿಂದಲೇ ಕಾಣಿಕೆ ಸಲ್ಲುತ್ತದೆ. ಹಳೆಯ ಗಂಟುಗಳ ವಿಷಯದಲ್ಲಾದರೋ ದೇವಸ್ಥಾನದ ಲೆಕ್ಕದಲ್ಲಿ ಸಿಗುವುದು ಹುಂಡಿಯ ಒಟ್ಟು ಮೊತ್ತ ಮಾತ್ರ. ಯಾವ ಮನೆಯ ಗಂಟನ್ನು ಯಾರು ಒಯ್ದರೆಂಬುದು ಹಿರಿಯರ ನೆನಪಿನಲ್ಲಷ್ಟೇ ಇದೆ. ಹಳೆಯ ಕಾಣಿಕೆ ಡಬ್ಬಿಯನ್ನು ಗುಜರಿಗೆ ಹಾಕುವ ಮುನ್ನ ಮನೆಯವರು ಆ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.