ಒಂಥರಾ

ಉಪ್ಪಿಟ್ಟು ‘ಒಂಥರಾ ಇದೆ’ ಎಂದರೆ ಮಾಡಿದವರ ಮುಖ ಸಣ್ಣಗಾಗುತ್ತದೆ. ಹೊಸ ಸಿನಿಮಾ ಹೇಗಿದೆ ಎಂದು ಕೇಳಿದಾಗ ಅದೇ ಉತ್ತರ ಬಂದರೆ ಟಿಕೆಟ್ಟಿನ ದುಡ್ಡು ಉಳಿಯಿತು. ‘ಒಂಥರಾ ಚೆನ್ನಾಗಿದೆ’ ಎಂದರೆ ಇನ್ನೊಬ್ಬರನ್ನು ಕೇಳಿ ನೋಡಬೇಕು. ಒಂಥರಾ ಖುಷಿ, ಒಂಥರಾ ಸಂಕಟ, ಒಂಥರಾ ವಾಸನೆ, ಒಂಥರಾ ನಾಚಿಕೆ. 2018ರಲ್ಲಿ ‘ಒಂಥರಾ ಬಣ್ಣಗಳು’ ಎಂಬ ಚಿತ್ರವೇ ಬಂತು. ಪದ ಸಿಗದೆ ಮಾತು ನಿಂತಾಗಲೂ ಕನ್ನಡಿಗರು ಹುಡುಕುವುದು ಇದನ್ನೇ, ಪದ ಸಿಕ್ಕಿಯೂ ಬಾಯಿಬಿಟ್ಟು ಹೇಳುವ ಮನಸ್ಸಿಲ್ಲದಾಗಲೂ ಇದನ್ನೇ. ಹೇಳುವಾಗ ಅಂಗೈಯೂ ಗಾಳಿಯಲ್ಲಿ ಒಮ್ಮೆ ಅತ್ತಿತ್ತ ಹೊರಳುವುದುಂಟು.

ಬಿಡಿಸಿದರೆ ಅದು ‘ಒಂದು ಥರ’. ಥರ ಎಂಬುದು ‘ತರಹ’ದ ಸವೆದ ರೂಪ, ಅರಬ್ಬಿಯಲ್ಲಿ ಹುಟ್ಟಿ ಫಾರ್ಸಿ, ಉರ್ದುಗಳ ದಾರಿಯಲ್ಲಿ ಕನ್ನಡಕ್ಕೆ ಬಂದು ಸೇರಿದ್ದು. ತರ, ಥರ, ತರಹ, ಥರಾ ಎಂದು ಬರೆಯುವವರು ತಮಗೆ ತೋಚಿದಂತೆ ಬರೆಯುತ್ತಾರೆ, ಯಾರೂ ತಿದ್ದುವುದಿಲ್ಲ. ಹುಬ್ಬಳ್ಳಿ–ಧಾರವಾಡದ ಕಡೆ ಇದೇ ಜಾಗದಲ್ಲಿ ‘ಒಂದ್ ನಮೂನಿ’ ಕೂತಿದೆ, ಕರಾವಳಿಯಲ್ಲಿ ‘ಒಂದು ನಮೂನೆ’. ನಮೂನೆ ಕೂಡ ಫಾರ್ಸಿಯಿಂದ ಬಂದದ್ದೇ. ತಮಾಷೆಯೆಂದರೆ ಗ್ರಾಮ ಪಂಚಾಯಿತಿಯಲ್ಲಿ ನಮೂನೆ ಎಂದರೆ ಆಸ್ತಿ ದಾಖಲೆಯ ಫಾರಂ: ನಮೂನೆ 9, ನಮೂನೆ 11. ಅಲ್ಲಿ ಪ್ರತಿ ನಮೂನೆಗೂ ನಂಬರಿದೆ, ತುಂಬಬೇಕಾದ ಕಾಲಂಗಳಿವೆ, ಮೊಹರಿದೆ. ‘ಅಂವ ಒಂದ್ ನಮೂನಿ ಮನಶ್ಯಾ’ ಎನ್ನುವಾಗ ಇವು ಯಾವುವೂ ಇಲ್ಲ.

ಊಟ, ಹವೆ, ಸಿನಿಮಾಗಳನ್ನು ಬಿಟ್ಟು ಮನುಷ್ಯರ ಮೇಲೆ ಬಂದು ಕೂತಾಗಲೇ ಈ ಪದದ ಗುಣ ಬದಲಾಗುವುದು. ‘ಮೂರನೇ ಕ್ರಾಸಿನ ಕೊನೆಮನೆಯವರು ಒಂಥರಾ.’ ಅವರು ಬಾಡಿಗೆ ಸರಿಯಾಗಿ ಕೊಡದವರಿರಬಹುದು, ಗಣೇಶನ ಚಂದಾ ಕೇಳಲು ಹೋದರೆ ಬಾಗಿಲು ತೆಗೆಯದವರಿರಬಹುದು, ನಾಲ್ಕು ನಾಯಿ ಸಾಕಿದವರಿರಬಹುದು. ವರ್ಷದಿಂದ ಸರಿಯಾಗಿ ನಿದ್ದೆ ಮಾಡದೆ, ಗೋಡೆಯಾಚೆ ಯಾರೋ ತಮ್ಮ ವಿಷಯವೇ ಮಾತಾಡುತ್ತಿದ್ದಾರೆಂದು ಕಿವಿಗೊಟ್ಟು ಕೂತವರೂ ಇರಬಹುದು. ಎಲ್ಲರಿಗೂ ಒಂದೇ ಪದ. ಕೇಳಿದವರು ‘ಓಹೋ’ ಎನ್ನುತ್ತಾರೆ, ಮಾತು ಕರೆಂಟಿನ ಬಿಲ್ಲಿನ ಕಡೆ ಹೊರಳುತ್ತದೆ.

ಇಂಥ ಒಬ್ಬ ನೆರೆಯವನ ಕತೆ ಅಮೆರಿಕದಲ್ಲಿ ನಡೆಯಿತು. ವಾಷಿಂಗ್ಟನ್ ನಗರಕ್ಕೆ ಎದುರಾಗಿ, ಪೊಟೊಮ್ಯಾಕ್ ನದಿಯ ಇನ್ನೊಂದು ದಡದಲ್ಲಿ, ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್ ಕೌಂಟಿಯಿದೆ. ಪೆಂಟಗನ್ ಇರುವುದು ಅಲ್ಲಿಯೇ. ಅಲ್ಲಿನ ಬ್ಲೂಮಾಂಟ್ ಎಂಬ ಬಡಾವಣೆ ಸದ್ದುಗದ್ದಲವಿಲ್ಲದ ಜಾಗ. 2023ರ ಡಿಸೆಂಬರ್ 4ರ ಸಂಜೆ ಐದರ ಸುಮಾರಿಗೆ ಅಲ್ಲಿಂದ ಪೊಲೀಸರಿಗೆ ಕರೆ ಹೋಯಿತು: ಗುಂಡಿನ ಸದ್ದು ಕೇಳಿಸುತ್ತಿದೆ. ಪೊಲೀಸರು ಬಂದು ನೋಡಿದರೆ, ಜೋಡಿಮನೆಯೊಂದರ ಅರ್ಧಭಾಗದಲ್ಲಿದ್ದ ವ್ಯಕ್ತಿ ಒಳಗಿನಿಂದ ಫ್ಲೇರ್ ಗನ್ ಹಾರಿಸುತ್ತಿದ್ದ. ಹಡಗಿನವರು ಅಪಾಯದಲ್ಲಿ ಆಕಾಶಕ್ಕೆ ಬೆಳಕು ಹಾರಿಸುವ ಸಾಧನ ಅದು. ಮೂವತ್ತು ನಲವತ್ತು ಸಲ ಹಾರಿಸಿದ್ದ ಎಂದು ಪೊಲೀಸರು ಹೇಳಿದರು. ಅಕ್ಕಪಕ್ಕದವರನ್ನು ಮನೆಗಳಿಂದ ಹೊರಗೆ ಕಳಿಸಿದರು, ಧ್ವನಿವರ್ಧಕದಲ್ಲಿ ಕರೆದರು, ಫೋನ್ ಮಾಡಿದರು. ಉತ್ತರವಿಲ್ಲ. ಕೊನೆಗೆ ವಾರಂಟ್ ಹಿಡಿದು ಒಳನುಗ್ಗಲು ಹೊರಟಾಗ ಒಳಗೆ ಗುಂಡು ಹಾರಿದಂಥ ಸದ್ದು. ರಾತ್ರಿ ಎಂಟೂವರೆಗೆ ಸ್ವಲ್ಪ ಮುಂಚೆ ಇಡೀ ಮನೆ ಸಿಡಿದು ಬೆಂಕಿಯ ಉಂಡೆಯಾಗಿ ಮೇಲೆದ್ದಿತು. ಒಳಗಿದ್ದವನೊಬ್ಬ ಸತ್ತ. ಮೂವರು ಪೊಲೀಸರಿಗೆ ಸಣ್ಣಪುಟ್ಟ ಗಾಯ. ಬೇರೆ ಯಾರ ಜೀವವೂ ಹೋಗಲಿಲ್ಲ ಎಂಬುದು, ಸ್ಫೋಟದ ವಿಡಿಯೊ ನೋಡಿದವರಿಗೆ, ನಂಬಲು ಕಷ್ಟವಾಗುವ ಸಂಗತಿ.

ಸದ್ದು ಮೂರು ಕಿಲೋಮೀಟರು ದೂರಕ್ಕೂ ಕೇಳಿಸಿತು. ಟೀವಿ ನೋಡುತ್ತ ಕೂತಿದ್ದ ನೆರೆಯವರೊಬ್ಬರು ತಮ್ಮ ಮನೆಯ ಮೇಲೆ ಮರ ಬಿತ್ತೆಂದುಕೊಂಡರು. ಮರುದಿನ ಬೆಳಿಗ್ಗೆ ಕ್ಯಾಮೆರಾಗಳು ಬಂದವು, ನೆರೆಯವರು ಮಾತಾಡಿದರು. ಅವರು ಹೇಳಿದ್ದರ ಸಾರ: ಯಾರ ಜೊತೆಯೂ ಬೆರೆಯುತ್ತಿರಲಿಲ್ಲ, ಕಿಟಕಿಗಳಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿಕೊಂಡಿದ್ದ, ಬೀದಿಯಲ್ಲಿ ಯಾರನ್ನೂ ಮಾತಾಡಿಸಿದ್ದು ಕಂಡಿಲ್ಲ. ನಮ್ಮ ಬೀದಿಯಲ್ಲಿ ಇಂಥದು ನಡೆದು ಮೈಕ್ ಎದುರಿಗೆ ಬಂದಿದ್ದರೆ ‘ತಾನಾಯ್ತು ತನ್ನ ಪಾಡಾಯ್ತು ಅಂತ ಇದ್ರು ಸಾರ್, ಸ್ವಲ್ಪ ಒಂಥರಾ’ ಎಂದು ಮುಗಿಯುತ್ತಿತ್ತು. ಪೊಲೀಸರ ಕಡತದಲ್ಲಿ ಆ ವಿಳಾಸದ ಬಗ್ಗೆ ಎರಡು ವರ್ಷಗಳಲ್ಲಿ ಇದ್ದದ್ದು ಎರಡೇ ದೂರು, ಎರಡೂ ಗಲಾಟೆಯ ಸದ್ದಿನವು. ಎಫ್‌ಬಿಐಗೆ ಮಾತ್ರ ಆತ ಹಳೆಯ ಪರಿಚಯ: ವರ್ಷಗಟ್ಟಲೆ ಫೋನು, ಪತ್ರ, ಆನ್‌ಲೈನ್ ದೂರು, ತನಗೆ ಮೋಸವಾಗಿದೆ ಎಂಬ ಅಹವಾಲು. ತನಿಖೆ ನಡೆಸುವಂಥದ್ದು ಅದರಲ್ಲಿ ಏನೂ ಕಾಣಲಿಲ್ಲ ಎಂದು ಆ ಸಂಸ್ಥೆಯ ಅಧಿಕಾರಿ ಆಮೇಲೆ ಹೇಳಿದರು.

ಆತನೂ ನೆರೆಯವರ ಬಗ್ಗೆ ಬರೆದಿದ್ದ. ಅವರು ಗೂಢಚಾರರು, ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬುದು ಆತನ ಪೋಸ್ಟುಗಳಲ್ಲಿತ್ತು. ಆತನ ಲೆಕ್ಕದಲ್ಲಿ ಒಂಥರಾ ಇದ್ದವರು ನೆರೆಯವರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸತ್ತವನ ಪೋಸ್ಟು ಓದಿ ಕಾಯಿಲೆಯ ಹೆಸರು ಹೇಳುವ ಉತ್ಸಾಹ ಎಲ್ಲರಿಗೂ ಬರುತ್ತದೆ. ಅಮೆರಿಕದ ಮನೋವೈದ್ಯರ ಸಂಘ ತನ್ನವರಿಗೇ ಇದನ್ನು ನಿಷೇಧಿಸಿ 1973ರಲ್ಲಿ ನಿಯಮ ಮಾಡಿದೆ: ಖುದ್ದಾಗಿ ಪರೀಕ್ಷಿಸದ, ಜನರ ಕಣ್ಣಿಗೆ ಬಿದ್ದಿರುವ ವ್ಯಕ್ತಿಗೆ ರೋಗ ಅಂಟಿಸಬೇಡಿ. 1964ರ ಚುನಾವಣೆಯಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಎಂಬ ಅಭ್ಯರ್ಥಿಯ ತಲೆ ಸರಿಯಿದೆಯೇ ಎಂದು ಪತ್ರಿಕೆಯೊಂದು ಸಾವಿರಾರು ಮನೋವೈದ್ಯರನ್ನು ಕೇಳಿ, ಉತ್ತರ ಅಚ್ಚುಹಾಕಿ, ಕೋರ್ಟಿನಲ್ಲಿ ಸೋತ ಕತೆ ಅದರ ಹಿಂದಿದೆ. ಇನ್ನೊಂದು ಮಾತು: ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ, ಏಟು ತಿನ್ನುವ ಕಡೆ ಇರುವವರೇ ಹೆಚ್ಚು. ಆದರೆ ಸಂಶಯ ಬೇರೂರುವ ಕಾಯಿಲೆಗಳಲ್ಲಿ ಪಕ್ಕದ ಮನೆಯವರು ಖಳನಾಯಕರಾಗುವುದು ವೈದ್ಯರಿಗೆ ಹೊಸದಲ್ಲ. ಅಮೆರಿಕದಲ್ಲಿ ಅವರು ಗೂಢಚಾರರು, ನಮ್ಮಲ್ಲಿ ಮಾಟ ಮಾಡಿಸಿದವರು.

ಮತ್ತೆ ಪದಕ್ಕೆ ಬರೋಣ. ಶಾಲೆಯ ವ್ಯಾಕರಣದಲ್ಲಿ ಉತ್ತಮ, ಮಧ್ಯಮ, ಪ್ರಥಮ ಎಂದು ಮೂರು ಪುರುಷಗಳು. ಈ ಪದವನ್ನು ಮೂರರಲ್ಲೂ ನಡೆಸಿ ನೋಡಬಹುದು. ‘ನಂಗೆ ಯಾಕೋ ಒಂಥರಾ ಆಗ್ತಿದೆ’: ಇದು ಉತ್ತಮ ಪುರುಷ, ಡಾಕ್ಟರ ಎದುರಿಗೆ ಕೂತವರ ಮೊದಲ ವಾಕ್ಯ. ಕನ್ನಡದ ರೋಗಿ ಖಿನ್ನತೆ ಎನ್ನುವುದಿಲ್ಲ. ತಲೆ ಧಿಮ್ ಅನ್ನುತ್ತೆ, ಎದೆ ಢವಢವ, ಕೈಕಾಲು ಸುಸ್ತು, ಒಟ್ಟಿನಲ್ಲಿ ಒಂಥರಾ. ಅನುಭವಸ್ಥ ವೈದ್ಯರು ಅಲ್ಲಿಂದಲೇ ಎಳೆ ಹಿಡಿಯುತ್ತಾರೆ: ಒಂಥರಾ ಅಂದ್ರೆ ಹೇಗಮ್ಮಾ? ಪ್ರಥಮ ಪುರುಷ ಎಂದರೆ ‘ಅವನು ಒಂಥರಾ’. ಅಲ್ಲಿ ಮರುಪ್ರಶ್ನೆ ಇಲ್ಲ. ಕುತೂಹಲಕರವಾದದ್ದು ಮಧ್ಯಮ ಪುರುಷ. ‘ಯಾಕೋ ಒಂಥರಾ ಇದೀಯಲ್ಲ, ಏನಾಯ್ತೋ?’ ಎಂದು ತಮ್ಮನನ್ನು ಕೇಳಬಹುದು, ಹೆಂಡತಿಯನ್ನು, ಜೊತೆಗೆ ಓದಿದವನನ್ನು ಕೇಳಬಹುದು. ಅದು ಅಕ್ಕರೆಯ ಮಾತು. ಅದನ್ನೇ ಬಹುವಚನಕ್ಕೆ ತಿರುಗಿಸಿ ‘ನೀವು ಒಂಥರಾ ಇದ್ದೀರಲ್ಲ’ ಎಂದು ಕೊನೆಮನೆಯವರಿಗೆ ಹೇಳಿದರೆ ಜಗಳವೇ ಸೈ. ಈ ಪದ ಪ್ರಶ್ನೆಯಾಗುವುದು ಏಕವಚನದಲ್ಲಿ ಮಾತ್ರ. ‘ನೀನು’ ಎನ್ನುವವರು ಯಾರೂ ಉಳಿಯದೆ ಒಂಟಿಯಾಗಿ ಬದುಕುವವರಿಗೆ ಅದು ತಲುಪುವ ದಾರಿಯೇ ಇಲ್ಲ.

ಮನೆಯವರು ಇದ್ದರೂ ಕಷ್ಟ ತಪ್ಪಿದ್ದಲ್ಲ, ಏಕೆಂದರೆ ಒಂಥರಾ ಆದಮೇಲಿನ ಮೆಟ್ಟಿಲು ಒಮ್ಮೆಲೇ ‘ಹುಚ್ಚು’. ನಡುವೆ ಕಾಲಿಡಲು ಜಾಗವಿಲ್ಲ. ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ನಗಲೆಂದೇ ಕಟ್ಟಿದ್ದು. ಅದರ ಎರಡನೇ ಅರ್ಧವನ್ನು ಚಿಕಿತ್ಸೆಯೆಂದು ನಂಬಿ ಮಗನಿಗೆ ಹೆಣ್ಣು ಹುಡುಕಿದ ಮನೆಗಳು ಕಮ್ಮಿಯಿಲ್ಲ, ಆ ಹೆಣ್ಣುಮಕ್ಕಳ ಕತೆ ಬೇರೆಯೇ ಬರೆಯಬೇಕು. ಹುಚ್ಚಾಸ್ಪತ್ರೆ ಎಂಬ ಹೆಸರು ಚುಚ್ಚುತ್ತದೆಂದು ಹೆಸರುಗಳನ್ನೂ ಬದಲಿಸುತ್ತ ಬಂದರು. ಬೆಂಗಳೂರಿನದು 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಜನ ಅಷ್ಟೇ ಬೇಗ ‘ಇವನನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು’ ಎಂಬ ಬೈಗುಳ ಕಲಿತರು. ಪೇಢೆಗೂ ಕವಿಗಳಿಗೂ ಹೆಸರಾದ ಧಾರವಾಡ ತನ್ನ ಮಾನಸಿಕ ಆಸ್ಪತ್ರೆಯ ಕಾರಣಕ್ಕೂ ಉತ್ತರ ಕರ್ನಾಟಕದ ಹಾಸ್ಯದಲ್ಲಿ ಸಿಕ್ಕಿಕೊಂಡಿದೆ. ಇಂಥ ಮೆಟ್ಟಿಲು ಹತ್ತಲು ಯಾರು ಅವಸರ ಮಾಡುತ್ತಾರೆ? ‘ಸ್ವಲ್ಪ ಒಂಥರಾ, ಸರಿಹೋಗ್ತಾನೆ’ ಎಂದು ವರ್ಷಗಳು ಕಳೆಯುತ್ತವೆ. ಚಿತ್ತವಿಕಲತೆಯಂಥ (ಸ್ಕಿಜೊಫ್ರೇನಿಯಾ) ಕಾಯಿಲೆಯಲ್ಲಿ ಮೊದಲ ಲಕ್ಷಣದಿಂದ ಮೊದಲ ಚಿಕಿತ್ಸೆಯವರೆಗಿನ ಅಂತರ ಉದ್ದವಾದಷ್ಟೂ ಚೇತರಿಕೆ ಕಷ್ಟ. 12 ರಾಜ್ಯಗಳಲ್ಲಿ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇಕಡ 70ರಿಂದ 92.

ಹಾಗೆಂದು ಒಂಥರಾ ಎಂದವರನ್ನೆಲ್ಲ ಹಿಡಿದು ಒಳಗೆ ಹಾಕುವುದೂ ಆಗಿಹೋಗಿದೆ. ಕೆನೆತ್ ಡೊನಾಲ್ಡ್‌ಸನ್ ಎಂಬಾತ 1956ರಲ್ಲಿ ಫ್ಲಾರಿಡಾದ ತಂದೆತಾಯಿಯ ಮನೆಗೆ ಬಂದಾಗ, ತನ್ನೂರಿನ ನೆರೆಯವರೊಬ್ಬರು ಊಟಕ್ಕೆ ವಿಷ ಹಾಕುತ್ತಿರಬಹುದು ಎಂದ. ತಂದೆ ಗಾಬರಿಯಾಗಿ ಕೋರ್ಟಿಗೆ ಹೋದರು. ಮಗ ಹೆಚ್ಚುಕಡಿಮೆ 15 ವರ್ಷ ಆಸ್ಪತ್ರೆಯಲ್ಲಿ ಬಂದಿಯಾದ. ಚಿಕಿತ್ಸೆ ಎಂಬುದು ಹೆಸರಿಗಷ್ಟೇ. ಅಪಾಯಕಾರಿಯಲ್ಲದ, ತನ್ನ ಬದುಕು ತಾನು ನೋಡಿಕೊಳ್ಳಬಲ್ಲ ವ್ಯಕ್ತಿಯನ್ನು ಹೀಗೆ ಕೂಡಿಹಾಕುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ಒಂಥರಾ ಇರುವುದು ಮನುಷ್ಯನ ಹಕ್ಕು ಎಂಬುದಕ್ಕೆ ಇದಕ್ಕಿಂತ ದುಬಾರಿಯಾದ ತೀರ್ಪು ಸಿಗಲಾರದು. ಅಂದಿನಿಂದ ಬಾಗಿಲು ತಟ್ಟುವವರ ಪ್ರಶ್ನೆ ಬದಲಾಯಿತು: ಅಪಾಯವಿದೆಯೇ? ಇಲ್ಲದಿದ್ದರೆ ಹಿಂದಿರುಗಿ. ಕಿಟಕಿಗೆ ಹಾಳೆ ಅಂಟಿಸಿಕೊಳ್ಳುವುದು ಅಪರಾಧವಲ್ಲ, ಪತ್ರ ಬರೆಯುವುದೂ ಅಲ್ಲ. ಅಪಾಯ ಕಣ್ಣಿಗೆ ಕಾಣುವ ಹೊತ್ತಿಗೆ ಬರುವವರು ಪೊಲೀಸರು. ವರ್ಜೀನಿಯಾದಲ್ಲೇ 2018ರಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿದ್ದ ನಿರಾಯುಧ ಶಿಕ್ಷಕನೊಬ್ಬ ಪೊಲೀಸ್ ಗುಂಡಿಗೆ ಸತ್ತ ಮೇಲೆ, ಇಂಥ ಕರೆಗಳಿಗೆ ಮಾನಸಿಕ ಆರೋಗ್ಯದವರು ಹೋಗಬೇಕೆಂಬ ‘ಮಾರ್ಕಸ್ ಅಲರ್ಟ್’ ಕಾನೂನು 2020ರಲ್ಲಿ ಬಂತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 101ನೇ ಸೆಕ್ಷನ್ನಿನಲ್ಲಿ ನೆರೆಯವರಿಗೂ ಜಾಗವಿದೆ: ಕಾಯಿಲೆಯ ವ್ಯಕ್ತಿಯನ್ನು ಮನೆಯಲ್ಲಿ ಹಿಂಸಿಸುತ್ತಿದ್ದಾರೆ ಅಥವಾ ಕೈಬಿಟ್ಟಿದ್ದಾರೆ ಅನ್ನಿಸಿದರೆ ಯಾರೇ ಆಗಲಿ ಠಾಣೆಗೆ ತಿಳಿಸಬೇಕು. ಅದನ್ನು ಓದಿದ ನೆರೆಯವರು ಎಷ್ಟು ಮಂದಿ ಎಂಬುದು ಬೇರೆ ಮಾತು.

‘ಅವನು ಒಂಥರಾ’ ಎಂಬ ಪ್ರಥಮ ಪುರುಷದ ಮಾತನ್ನು ಕೆಲಸಕ್ಕೆ ಹಚ್ಚಿದವರು ಇದ್ದಾರೆ, ಅದೂ ಕನ್ನಡ ನೆಲದಲ್ಲೇ. ಮನೋವೈದ್ಯರಾದ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಶಿವರಾಮ ಕಾರಂತರ ಹುಟ್ಟೂರು ಕೋಟದಲ್ಲಿ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆಯ ಮಾನಸಿಕ ಆರೋಗ್ಯ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಪ್ರತಿಯೊಬ್ಬರನ್ನೂ ಕೂರಿಸಿ ಪ್ರಶ್ನಿಸುವುದು ದುಬಾರಿ ಕೆಲಸ. 1980ರ ಹೊತ್ತಿಗೆ ಕಪೂರ್ ಮತ್ತು ಮೋಹನ್ ಐಸಾಕ್ ಅಗ್ಗದ ದಾರಿ ಪರೀಕ್ಷಿಸಿದರು. ಮನೆಯ ಒಬ್ಬರನ್ನು ಹಿಡಿದು ಉಳಿದವರ ಬಗ್ಗೆ ಕೇಳುವುದು: ತನ್ನಷ್ಟಕ್ಕೆ ತಾನೇ ಮಾತಾಡುವವರು, ಕಾರಣವಿಲ್ಲದೆ ನಗುವವರು, ಎಲ್ಲರನ್ನೂ ಅನುಮಾನಿಸುವವರು ಯಾರಾದರೂ ಇದ್ದಾರೆಯೇ? ‘ಅವನು ಒಂಥರಾ’ ಎಂದಾಕ್ಷಣ ಮುಗಿಯುವ ಮಾತು ಇಲ್ಲಿ ಅಲ್ಲಿಂದಲೇ ಶುರುವಾಗುತ್ತಿತ್ತು. ಮುಂದೆ, 1985ರಿಂದ, ಇಪ್ಪತ್ತು ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ರೋಗಿ ಬೆಂಗಳೂರಿಗೆ ಬರದೆಯೇ ಮಾತ್ರೆ ಸಿಗುವಂತೆ ಮಾಡಲಾಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸಿನವರು ಚಿತ್ತವಿಕಲತೆ ಇರುವವರನ್ನು ಹಳ್ಳಿಗಳಲ್ಲೇ ಹುಡುಕಿ, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡರು.

ಈಗ ಟೆಲಿ ಮಾನಸ್ ಇದೆ, 2022ರ ಅಕ್ಟೋಬರ್‌ನಿಂದ; 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ರೋಗಿಗಳನ್ನು ನೋಡುತ್ತಾರೆ. ಅದಕ್ಕೆ ಇಲಾಖೆ ಗೊತ್ತುಮಾಡಿದ ವಾರ ಮಂಗಳವಾರ. ‘ಸೂಪರ್ ಟ್ಯೂಸ್‌ಡೇ ಕ್ಲಿನಿಕ್’ ಎಂದು ಇಂಗ್ಲಿಷ್ ಹೆಸರೂ ಇದೆ. ಮಂಗಳವಾರ ಉಗುರು ಕತ್ತರಿಸದ, ಹೊಸ ಕೆಲಸಕ್ಕೆ ಕೈಹಾಕದ ಮನೆಗಳೇ ತುಂಬಿರುವ ರಾಜ್ಯದಲ್ಲಿ ಈ ವಾರವನ್ನು ಯಾರು, ಯಾವ ಮೀಟಿಂಗಿನಲ್ಲಿ ಆರಿಸಿದರೋ.